ಹತ್ತಿದವರು, ಇಳಿದವರು: ‘ವೆಸ್ಟ್ ಪಾಯಿಂಟ್’ ಎಂಬ ಸೇನಾ ಸಾಗಣೆ ಹಡಗಿನ ಕಥೆ

1942ರ ಜನವರಿ 29. ಸಿಂಗಾಪುರದ ಕೆಪ್ಪೆಲ್ ಬಂದರಿನಲ್ಲಿ ಬೂದು ಬಣ್ಣದ ದೊಡ್ಡ ಹಡಗೊಂದು ನಿಂತಿದೆ. ಅದರಿಂದ ಬ್ರಿಟಿಷ್ ಸೈನಿಕರು ಸಾಲುಸಾಲಾಗಿ ಇಳಿಯುತ್ತಿದ್ದಾರೆ. ಊರು ಬಿಟ್ಟು ಮೂರು ತಿಂಗಳಾಗಿದೆ. ಮರುದಿನ ಅದೇ ಹಡಗಿಗೆ ಹೆಂಗಸರು, ಮಕ್ಕಳು, ನೌಕಾಪಡೆಯ ಅಧಿಕಾರಿಗಳು ಹತ್ತುತ್ತಾರೆ. ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಊರು ಬಿಡುತ್ತಿದ್ದಾರೆ. ಇಳಿದವರು ಎರಡೂವರೆ ವಾರದಲ್ಲಿ ಜಪಾನಿಯರ ಸೆರೆಯಾಳುಗಳಾದರು. ಹತ್ತಿದವರು ಬದುಕಿ ಕೊಲಂಬೊ ತಲುಪಿದರು.

ಹಡಗಿನ ಹೆಸರು ‘ವೆಸ್ಟ್ ಪಾಯಿಂಟ್’. ಅಮೆರಿಕ ನೌಕಾಪಡೆಯ ಸೇನಾ ಸಾಗಣೆ ಹಡಗು, ನಂಬರ್ ಎಪಿ-23. ಯುದ್ಧದ ಹಡಗು ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ತೋಪು, ಟಾರ್ಪಿಡೊ. ಇಂಥ ಹಡಗುಗಳ ಕೆಲಸ ಅದಲ್ಲ. ಇವು ಜನರನ್ನು ಹೊತ್ತುಕೊಂಡು ಹೋಗುತ್ತವೆ, ಇಳಿಸುತ್ತವೆ, ಮತ್ತೆ ಬರುತ್ತವೆ. ಅದಕ್ಕೇ ಇರಬೇಕು, ಇವುಗಳ ಬಗ್ಗೆ ಬರೆದದ್ದು ಕಡಿಮೆ, ಬರೆದಾಗಲೂ ಉದ್ದ ಅಗಲ ಎಂಜಿನ್ನುಗಳ ಲೆಕ್ಕವೇ ಜಾಸ್ತಿ. ನನಗೆ ಆ ಲೆಕ್ಕವಷ್ಟೇ ಸಾಕು ಅನ್ನಿಸುವುದಿಲ್ಲ. ಇಂಥ ಹಡಗಿನ ಸೇವೆಯನ್ನು ಅಳೆಯಬೇಕಾದರೆ ಯಾರು ಹತ್ತಿದರು, ಎಲ್ಲಿ ಇಳಿದರು, ಇಳಿದ ಮೇಲೆ ಅವರಿಗೇನಾಯಿತು ಅಂತ ಕೇಳಬೇಕು. ವೆಸ್ಟ್ ಪಾಯಿಂಟ್‌ನ ಪ್ರಕರಣವನ್ನು ಹಾಗೇ ನೋಡೋಣ.

ಕಲ್ಯಾಣ ಮಂಟಪ ಇದ್ದಕ್ಕಿದ್ದಂತೆ ಬಿಡಾರವಾದದ್ದು

ಈ ಹಡಗು ಯುದ್ಧಕ್ಕಾಗಿ ಹುಟ್ಟಿದ್ದಲ್ಲ. ಇದರ ಮೊದಲ ಹೆಸರು ‘ಅಮೆರಿಕಾ’. ವಿನ್ಯಾಸ ಮಾಡಿದವರು ವಿಲಿಯಂ ಫ್ರಾನ್ಸಿಸ್ ಗಿಬ್ಸ್. ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್ ಹಡಗುಕಟ್ಟೆಯಲ್ಲಿ 1938ರ ಆಗಸ್ಟ್‌ನಲ್ಲಿ ಕೆಲಸ ಶುರುವಾಯಿತು. 1939ರ ಆಗಸ್ಟ್ 31ರಂದು ಅಧ್ಯಕ್ಷ ರೂಸ್‌ವೆಲ್ಟ್ ಅವರ ಪತ್ನಿ ಎಲಿನೋರ್ ರೂಸ್‌ವೆಲ್ಟ್ ಅದನ್ನು ನೀರಿಗಿಳಿಸಿದರು. ಮರುದಿನ ಬೆಳಿಗ್ಗೆ ಹಿಟ್ಲರನ ಸೈನ್ಯ ಪೋಲೆಂಡಿಗೆ ನುಗ್ಗಿತು. ಹಡಗು ಹುಟ್ಟಿದ ಗಳಿಗೆಯೇ ಅಂಥದ್ದು.

220 ಮೀಟರ್ ಉದ್ದ. ನಮ್ಮ ರೈಲಿನ ಒಂಬತ್ತು ಬೋಗಿ ಒಂದರ ಹಿಂದೆ ಒಂದು ನಿಲ್ಲಿಸಿದರೆ ಎಷ್ಟೋ ಅಷ್ಟು. ಮೇಲೆ ಎರಡು ಚಿಮಣಿ. ಮೊದಲು ಅವು ಗಿಡ್ಡವಾಗಿದ್ದವು. ಹೊಗೆಯ ಮಸಿ ಪ್ರಯಾಣಿಕರ ಮೇಲೇ ಬೀಳುತ್ತಿದೆ ಅಂತ ಗೊತ್ತಾದಾಗ 15 ಅಡಿ ಎತ್ತರಿಸಿದರು. ಒಳಗಿನ ಅಲಂಕಾರಕ್ಕೆ ಆ ಕಾಲದಲ್ಲೇ ಮಹಿಳೆಯರ ಒಂದು ತಂಡ ದುಡಿದಿತ್ತು. ಮೂರು ದರ್ಜೆಗಳು ಸೇರಿ 1,202 ಪ್ರಯಾಣಿಕರಿಗೆ ಜಾಗ. ನೋಡಿಕೊಳ್ಳಲು 600ಕ್ಕೂ ಹೆಚ್ಚು ಸಿಬ್ಬಂದಿ. ಅಂದರೆ ಇಬ್ಬರು ಪ್ರಯಾಣಿಕರಿಗೆ ಒಬ್ಬ ಸಿಬ್ಬಂದಿ.

ಅಟ್ಲಾಂಟಿಕ್ ದಾಟಿ ಯುರೋಪಿಗೆ ಹೋಗಿ ಬರಲೆಂದು ಕಟ್ಟಿದ್ದ ಹಡಗಿಗೆ ಯುರೋಪಿನ ದಾರಿಯೇ ಮುಚ್ಚಿಹೋಗಿತ್ತು. 1940ರ ಆಗಸ್ಟ್‌ನಿಂದ ಕೆರಿಬಿಯನ್ ಕಡೆ ಸುಮ್ನೆ ವಿಹಾರಕ್ಕೆ ಓಡಾಡಿಕೊಂಡಿತ್ತು. ತಾನು ಯಾರ ಪಕ್ಷವೂ ಅಲ್ಲ ಎಂದು ದೂರದಿಂದಲೇ ಗೊತ್ತಾಗಲಿ ಅಂತ ಎರಡೂ ಬದಿಗೆ ಹೆಸರನ್ನೂ ಅಮೆರಿಕದ ಬಾವುಟವನ್ನೂ ದೊಡ್ಡದಾಗಿ ಬರೆಸಿದ್ದರು. ರಾತ್ರಿ ಅದರ ಮೇಲೆ ದೀಪ ಬೇರೆ. ಅಂಥ ಹಡಗಿನ ಅಡುಗೆಮನೆಯಲ್ಲೇ ಜರ್ಮನಿಯ ಗೂಢಚಾರರಿದ್ದರು! ಸಿಬ್ಬಂದಿಯಲ್ಲಿದ್ದ ಇಬ್ಬರು, ಹಡಗುಗಳ ಓಡಾಟದ ಸುದ್ದಿಯನ್ನು ಜರ್ಮನಿಗೆ ಮುಟ್ಟಿಸುತ್ತಿದ್ದರು. 1941ರಲ್ಲಿ ಸಿಕ್ಕಿಬಿದ್ದ 33 ಜನರ ಗೂಢಚಾರ ಜಾಲದಲ್ಲಿ ಅವರೂ ಇದ್ದರು, ಜೈಲಿಗೂ ಹೋದರು.

1941ರ ಮೇ 28. ಹಡಗು ವರ್ಜಿನ್ ದ್ವೀಪಗಳ ಸೇಂಟ್ ಥಾಮಸ್‌ನಲ್ಲಿತ್ತು. ತಕ್ಷಣ ವಾಪಸ್ ಬಾ, ನೌಕಾಪಡೆಗೆ ನೀನು ಬೇಕು ಎಂದು ಆದೇಶ ಬಂತು. ಜೂನ್ 1ರಂದು ಹಸ್ತಾಂತರ. ಜೂನ್ 6ಕ್ಕೆ ಮಾರ್ಪಾಡಿನ ಕೆಲಸ ಶುರು. ಜೂನ್ 15ಕ್ಕೆ ‘ವೆಸ್ಟ್ ಪಾಯಿಂಟ್’ ಎಂಬ ಹೊಸ ಹೆಸರಿನಲ್ಲಿ, ಕ್ಯಾಪ್ಟನ್ ಫ್ರಾಂಕ್ ಕೆಲಿ ಅವರ ಕೈಕೆಳಗೆ ನೌಕಾಪಡೆಯ ಸೇವೆಗೆ ಸೇರಿಯಾಗಿತ್ತು. ಕೆಲಸ ಶುರುವಾಗಿ ಒಂಬತ್ತೇ ದಿನ.

ಆ ಮಾರ್ಪಾಡಿನಲ್ಲಿ ಆದದ್ದೇನು? ಕಿಟಕಿಗಳನ್ನು ಮುಚ್ಚಿದರು. ಹೊರಗೆ ಬೂದು ಬಣ್ಣ ಬಳಿದರು. ಪ್ರಾಣರಕ್ಷಕ ತೆಪ್ಪಗಳನ್ನು ಕಟ್ಟಿದರು, ವಿಮಾನ ಹೊಡೆಯುವ ತೋಪು ಕೂರಿಸಿದರು. ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆ ಮಾತ್ರ ಹಾಸಿಗೆಯದು. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಕಬ್ಬಿಣದ ಕೊಳವೆಯ ಒಂದು ಚೌಕಟ್ಟು. ಅದಕ್ಕೆ ಕ್ಯಾನ್ವಾಸ್ ಬಟ್ಟೆಯನ್ನು ಹಗ್ಗದಲ್ಲಿ ಹೊಲಿದಂತೆ ಬಿಗಿದಿರುತ್ತಾರೆ. ಒಂದರ ಮೇಲೊಂದು ನಾಲ್ಕೈದು ಅಂತಸ್ತು, ಸರಪಳಿಯಲ್ಲಿ ನೇತುಹಾಕಿದ್ದು. ಬೇಡವಾದಾಗ ಮಡಚಿ ಕಂಬಕ್ಕೆ ಒರಗಿಸಬಹುದು. ಮಲಗಿದವನ ಮೂಗಿನ ಮುಂದೆ ಮೇಲಿನವನ ಬೆನ್ನಿನ ಉಬ್ಬು. ಮಗ್ಗುಲು ಬದಲಿಸಬೇಕಾದರೆ ಮೇಲಿನವನಿಗೆ ಮೊಣಕೈ ತಾಗಲೇಬೇಕು. ಬಂದೂಕು, ಚೀಲ, ಹೆಲ್ಮೆಟ್ಟು ಎಲ್ಲವೂ ಅಲ್ಲೇ. ಸಮುದ್ರ ಉಕ್ಕಿದಾಗ ಮೇಲಿನ ಅಂತಸ್ತಿನವನಿಗೆ ವಾಂತಿ ಬಂದರೆ ಕೆಳಗಿನ ಮೂವರ ಗತಿಯನ್ನು ನೀವೇ ಯೋಚಿಸಿ. ಹೀಗೆ 1,202 ಜನರ ಹಡಗಿನಲ್ಲಿ 8,175 ಜನರಿಗೆ ಮಲಗಲು ಜಾಗ ಹುಟ್ಟಿತು. ಸುಮಾರು ಏಳು ಪಟ್ಟು. ಐವತ್ತು ಸೀಟಿನ ಕೆಎಸ್‌ಆರ್‌ಟಿಸಿ ಬಸ್ಸಿಗೆ 340 ಜನ ಹತ್ತಿದಂತೆ, ಅದೂ ಒಂದು ರಾತ್ರಿಗಲ್ಲ, ವಾರಗಟ್ಟಲೆ.

ಇಂಥ ಹಡಗುಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡೇ ಊಟ. ಮೂರನೆಯದಕ್ಕೆ ಸಮಯವೇ ಸಾಲುತ್ತಿರಲಿಲ್ಲ. ಒಂದು ಊಟದ ಸಾಲು ಮುಗಿಯುವಷ್ಟರಲ್ಲಿ ಇನ್ನೊಂದರ ಸಾಲು ಶುರು. ಸ್ನಾನಕ್ಕೆ ಉಪ್ಪುನೀರು. ಕತ್ತಲಾದ ಮೇಲೆ ಡೆಕ್ ಮೇಲೆ ಬೀಡಿ ಸಿಗರೇಟು ಹಚ್ಚುವಂತಿಲ್ಲ, ಕಿಟಕಿಯಿಂದ ಒಂದು ಎಳೆ ಬೆಳಕೂ ಆಚೆ ಹೋಗುವಂತಿಲ್ಲ. ಹೆಸರಿನ ಮೇಲೆ ದೀಪ ಹಾಕಿಕೊಂಡು ತಿರುಗುತ್ತಿದ್ದ ಹಡಗಿನಲ್ಲಿ ಈಗ ಬೆಂಕಿಕಡ್ಡಿ ಗೀರಿದರೂ ತಪ್ಪು.

ಮೊದಲ ಸವಾರಿ

ಸೈನಿಕರನ್ನು ಹೊರುವುದಕ್ಕೆ ಮುಂಚೆ ಈ ಹಡಗು ಮಾಡಿದ ಕೆಲಸ ವಿಚಿತ್ರವಾದದ್ದು. 1941ರ ಬೇಸಿಗೆಯಲ್ಲಿ ಅಮೆರಿಕ ತನ್ನ ನೆಲದಲ್ಲಿದ್ದ ಜರ್ಮನಿ ಮತ್ತು ಇಟಲಿಯ ಕಾನ್ಸುಲೇಟುಗಳನ್ನು, ಅಂದರೆ ಆ ದೇಶಗಳ ಸರ್ಕಾರಿ ಕಚೇರಿಗಳನ್ನು ಮುಚ್ಚಿಸಿತು. ಆ ಸಿಬ್ಬಂದಿಯನ್ನು ಊರಿಗೆ ಕಳಿಸಬೇಕಲ್ಲ. ಜುಲೈ 16ರಂದು 137 ಇಟಾಲಿಯನ್ನರು, 327 ಜರ್ಮನ್ನರನ್ನು ಹತ್ತಿಸಿಕೊಂಡು ವೆಸ್ಟ್ ಪಾಯಿಂಟ್ ನ್ಯೂಯಾರ್ಕ್ ಬಿಟ್ಟಿತು. 23ಕ್ಕೆ ಲಿಸ್ಬನ್. ಪೋರ್ಚುಗಲ್ ಯುದ್ಧದಲ್ಲಿ ಸೇರಿರಲಿಲ್ಲವಾದ್ದರಿಂದ ಇಂಥ ಅದಲುಬದಲಿಗೆ ಅದೇ ಜಾಗ. ವಾಪಸ್ ಬರುವಾಗ 321 ಅಮೆರಿಕನ್ನರು, 67 ಚೀನೀ ಕಾನ್ಸುಲೇಟಿನವರು ಮತ್ತು ಅವರ ಮನೆಮಂದಿ. ಆಗಸ್ಟ್ 1ಕ್ಕೆ ನ್ಯೂಯಾರ್ಕ್. ಶತ್ರುವಾಗಲಿರುವವರನ್ನು ಮನೆಗೆ ಬಿಟ್ಟು, ತನ್ನವರನ್ನು ಕರೆತಂದ ಸವಾರಿ ಅದು.

ಆದೇಶ ಬದಲಾದ ಪಯಣ

ಈಗ ಮುಖ್ಯ ವಿಷಯಕ್ಕೆ ಬರೋಣ. 1941ರ ನವೆಂಬರ್‌ನಿಂದ 1942ರ ಫೆಬ್ರವರಿವರೆಗಿನ ಒಂದು ಪಯಣ. ಸೇನಾ ಸಾಗಣೆ ಹಡಗು ಎಂದರೇನು ಎಂಬುದೆಲ್ಲ ಈ ಒಂದೇ ಪಯಣದಲ್ಲಿ ಅಡಗಿದೆ ಅಂತ ನನಗೆ ಅನ್ನಿಸುತ್ತದೆ.

ಬ್ರಿಟನ್ನಿಗೆ ತನ್ನ ಸೈನ್ಯವನ್ನು ಮಧ್ಯಪ್ರಾಚ್ಯಕ್ಕೆ ಕಳಿಸಬೇಕಿತ್ತು. ಹಡಗುಗಳು ಸಾಲದು. ಚರ್ಚಿಲ್ ಅವರು ರೂಸ್‌ವೆಲ್ಟ್ ಅವರನ್ನು ಹಡಗು ಕೊಡಿ ಎಂದು ಕೇಳಿದರು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ, ಆದರೂ ರೂಸ್‌ವೆಲ್ಟ್ ಒಪ್ಪಿದರು. ಬ್ರಿಟನ್ನಿನ 18ನೇ ಡಿವಿಷನ್ ಎಂಬ ದೊಡ್ಡ ಸೇನಾ ಪಡೆ ಬ್ರಿಟಿಷ್ ಹಡಗುಗಳಲ್ಲಿ ಅಟ್ಲಾಂಟಿಕ್ ದಾಟಿ ಕೆನಡಾದ ಹ್ಯಾಲಿಫಾಕ್ಸ್‌ಗೆ ಬಂತು. ಅಲ್ಲಿ ಅವರೆಲ್ಲ ಅಮೆರಿಕದ ಆರು ಹಡಗುಗಳಿಗೆ ಬದಲಾದರು. ವೆಸ್ಟ್ ಪಾಯಿಂಟ್, ವೇಕ್‌ಫೀಲ್ಡ್, ಮೌಂಟ್ ವರ್ನನ್ ಎಂಬ ಮೂರು ದೊಡ್ಡವು. ಒರಿಜಾಬಾ, ಲಿಯೊನಾರ್ಡ್ ವುಡ್, ಜೋಸೆಫ್ ಟಿ. ಡಿಕ್‌ಮನ್ ಎಂಬ ಮೂರು ಚಿಕ್ಕವು. ಒಟ್ಟು 20,000ಕ್ಕೂ ಹೆಚ್ಚು ಜನ.

ಯೋಚಿಸಿ ನೋಡಿ. ಯುದ್ಧ ಮಾಡದ ದೇಶದ ನೌಕಾಪಡೆ, ಯುದ್ಧ ಮಾಡುತ್ತಿರುವ ದೇಶದ ಸೈನ್ಯವನ್ನು ತನ್ನ ಬಾವುಟದಡಿ ಹೊತ್ತೊಯ್ಯುತ್ತಿದೆ. ಕಾವಲಿಗೆ ಅಮೆರಿಕದ್ದೇ ಯುದ್ಧನೌಕೆಗಳು, ಮೊದಲ ಹಂತದಲ್ಲಿ ವಿಮಾನವಾಹಕ ‘ರೇಂಜರ್’ ಕೂಡ ಇತ್ತು. ಕಾಗದದ ಮೇಲೆ ಅಮೆರಿಕ ಯುದ್ಧಕ್ಕೆ ಬಂದದ್ದು ಡಿಸೆಂಬರ್‌ನಲ್ಲಿ. ಈ ಹಡಗಿನ ಡೆಕ್ ಮೇಲೆ ನಿಂತವನಿಗೆ ಅದು ನವೆಂಬರ್‌ನಲ್ಲೇ ಬಂದುಬಿಟ್ಟಿತ್ತು.

ನವೆಂಬರ್ 10ರಂದು ಹ್ಯಾಲಿಫಾಕ್ಸ್ ಬಿಟ್ಟಾಗ ವೆಸ್ಟ್ ಪಾಯಿಂಟ್‌ನಲ್ಲಿ 241 ಅಧಿಕಾರಿಗಳು, 5,202 ಸೈನಿಕರು ಇದ್ದರು. ದಿನಕ್ಕೆ ಎರಡೇ ಊಟ ಅಂದುಕೊಂಡರೂ ಹತ್ತು ಸಾವಿರಕ್ಕೂ ಜಾಸ್ತಿ ತಟ್ಟೆ. 18ನೇ ಡಿವಿಷನ್ನಿನಲ್ಲಿ ಹೆಚ್ಚಿನವರು ಇಂಗ್ಲೆಂಡಿನ ಪೂರ್ವ ಭಾಗದ ನಾರ್ಫೋಕ್, ಸಫೋಕ್, ಕೇಂಬ್ರಿಜ್‌ಶೈರ್ ಕಡೆಯ ಹುಡುಗರು. ಒಂದೇ ಊರಿನವರು, ಒಂದೇ ಬೀದಿಯವರು ಒಟ್ಟಿಗಿದ್ದ ಪಡೆ. ಹೋಗಬೇಕಾದದ್ದು ಮರಳುಗಾಡಿನ ಯುದ್ಧಕ್ಕೆ.

ಟ್ರಿನಿಡಾಡ್ ಮುಟ್ಟಿ, ಅಟ್ಲಾಂಟಿಕ್ಕಿನ ದಕ್ಷಿಣಕ್ಕೆ ಇಳಿದು, ಕೇಪ್‌ಟೌನಿನತ್ತ ಹೊರಟರು. ಕೇಪ್‌ಟೌನ್ ಇನ್ನೇನು ಎರಡು ದಿನದ ದಾರಿ ಇದೆ ಅನ್ನುವಾಗ, ಡಿಸೆಂಬರ್ 7ರಂದು ಜಪಾನ್ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರಿನ ಮೇಲೆ ಬಾಂಬ್ ಹಾಕಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಸಿಂಗಾಪುರಕ್ಕೆ ಹೊಂದಿಕೊಂಡ ಮಲಯಾದಲ್ಲೂ (ಈಗಿನ ಮಲೇಷ್ಯಾದ ಭಾಗ) ಜಪಾನಿ ಸೈನ್ಯ ಇಳಿಯಿತು. ಹಡಗಿನ ಸಿಬ್ಬಂದಿ ಹೊರಟಾಗ ಬೇರೆಯವರ ಯುದ್ಧಕ್ಕೆ ನೆರವಾಗಲು ಹೊರಟವರು. 9ರಂದು ಕೇಪ್‌ಟೌನಿನಲ್ಲಿ ಲಂಗರು ಹಾಕುವ ಹೊತ್ತಿಗೆ ಅದು ಅವರದ್ದೇ ಯುದ್ಧವಾಗಿತ್ತು.

ಅಲ್ಲಿಂದ ಮುಂದೆ ಆದೇಶಗಳು ಬದಲಾದವು. ಹಿಂದೂ ಮಹಾಸಾಗರದಲ್ಲೇ ಮೌಂಟ್ ವರ್ನನ್ ಹಡಗನ್ನು ಗುಂಪಿನಿಂದ ಬೇರೆ ಮಾಡಿ ಮೊಂಬಾಸಾಗೆ, ಅಲ್ಲಿಂದ ಸಿಂಗಾಪುರಕ್ಕೆ ಕಳಿಸಿದರು. ಅದು ಜನವರಿ 13ಕ್ಕೇ ಅಲ್ಲಿಗೆ ತಲುಪಿ, ಅದರಲ್ಲಿದ್ದ ಬ್ರಿಗೇಡ್ (ಡಿವಿಷನ್ನಿನ ಒಂದು ಭಾಗ) ಕೆಲವೇ ದಿನಗಳಲ್ಲಿ ಮಲಯಾದ ಕಾಡಿನ ಕಾಳಗಕ್ಕೆ ಹೋಯಿತು. ಉಳಿದವರು ಬಾಂಬೆಗೆ ಬಂದರು. ಡಿಸೆಂಬರ್ 27ರಂದು ವೆಸ್ಟ್ ಪಾಯಿಂಟ್ ಬಾಂಬೆ ಬಂದರಿನಲ್ಲಿತ್ತು.

ಬಾಂಬೆಯಲ್ಲಿ ಸೈನಿಕರು ಇಳಿದರು. ಅಹ್ಮದ್‌ನಗರದ ಕಡೆ ಕೆಲವು ವಾರ ತರಬೇತಿ. ಹತ್ತಿರ ಹತ್ತಿರ ಎರಡು ತಿಂಗಳು ಹಡಗಿನ ಇಕ್ಕಟ್ಟಿನಲ್ಲಿ ಕೂತವರ ಕಾಲು ಜಡ್ಡುಗಟ್ಟಿರುತ್ತದೆ, ಅಲ್ವಾ? ಮೈ ಸಡಿಲಿಸಿಕೊಳ್ಳಲು ಅಷ್ಟು ದಿನ ಸಿಕ್ಕಿತು. ದಖ್ಖನಿನ ಒಣ ನೆಲದಲ್ಲಿ ಓಡಾಡಿದವರನ್ನು ಮತ್ತೆ ಹಡಗಿಗೆ ಹತ್ತಿಸಿ, ರಬ್ಬರ್ ತೋಟ ಮತ್ತು ಕೆಸರಿನ ನಾಡಿಗೆ ಒಯ್ದರು. ಅಲ್ಲಿನ ಕಾಡಿಗೆ ಹೊಂದುವ ತರಬೇತಿ ಅವರಿಗೆ ಯಾರೂ ಕೊಟ್ಟಿರಲಿಲ್ಲ. ಹಡಗು ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತು. ತಪ್ಪು ಹಡಗಿನದಲ್ಲ. ಆದರೆ ಹೊತ್ತೊಯ್ಯುವ ಶಕ್ತಿ ಕೈಯಲ್ಲಿದ್ದಾಗ ‘ಎಲ್ಲಿಗಾದರೂ ಒಯ್ದುಬಿಡೋಣ’ ಎಂಬ ಆತುರ ದೊಡ್ಡವರಿಗೆ ಸುಲಭವಾಗಿ ಬರುತ್ತದೆ. ಈ ಪಯಣವನ್ನು ಓದುವಾಗಲೆಲ್ಲ ನನಗೆ ಅದೇ ಕಾಡುತ್ತದೆ.

ಕೆಪ್ಪೆಲ್ ಬಂದರಿನ ಎರಡು ದಿನ

ಬಾಂಬೆಯಿಂದ ಸಿಂಗಾಪುರಕ್ಕೆ ಹೊರಟ ಗುಂಪಿನಲ್ಲಿ ವೆಸ್ಟ್ ಪಾಯಿಂಟ್, ವೇಕ್‌ಫೀಲ್ಡ್ ಜತೆಗೆ ಡಚೆಸ್ ಆಫ್ ಬೆಡ್‌ಫರ್ಡ್, ಎಂಪ್ರೆಸ್ ಆಫ್ ಜಪಾನ್, ಎಂಪೈರ್ ಸ್ಟಾರ್ ಎಂಬ ಬ್ರಿಟಿಷ್ ಹಡಗುಗಳಿದ್ದವು. ಜಪಾನಿನ ವಿರುದ್ಧದ ಯುದ್ಧಕ್ಕೆ ಸೈನಿಕರನ್ನು ಹೊತ್ತ ಹಡಗಿನ ಹೆಸರು ‘ಜಪಾನಿನ ಸಾಮ್ರಾಜ್ಞಿ’! ಆ ವರ್ಷವೇ ಮುಂದೆ ಅದರ ಹೆಸರನ್ನು ‘ಎಂಪ್ರೆಸ್ ಆಫ್ ಸ್ಕಾಟ್ಲೆಂಡ್’ ಎಂದು ಬದಲಾಯಿಸಿದರು.

ಜನವರಿ 29ಕ್ಕೆ ಕೆಪ್ಪೆಲ್ ಬಂದರು. ಮಲಯಾ ಪರ್ಯಾಯ ದ್ವೀಪದಲ್ಲಿ ಬ್ರಿಟಿಷರ ಕಡೆಯ ಸೈನ್ಯ ಆಗಲೇ ದಕ್ಷಿಣದ ತುದಿಗೆ ಬಂದು ನಿಂತಿತ್ತು. ಆಕಾಶ ಪೂರ್ತಿ ಜಪಾನಿಯರದ್ದು. ಇಷ್ಟು ದೊಡ್ಡ ಹಡಗು ದಡಕ್ಕೆ ಕಟ್ಟಿಕೊಂಡು ನಿಂತಾಗ ಅದರ ದೊಡ್ಡ ಆಯುಧವೇ ಕೈತಪ್ಪಿರುತ್ತದೆ. ಆ ಆಯುಧ ವೇಗ. ಸಮುದ್ರದಲ್ಲಿ ಗಂಟೆಗೆ 40 ಕಿಲೊಮೀಟರಿಗೂ ಜಾಸ್ತಿ ಓಡುವ ಹಡಗು ಬಂದರಿನಲ್ಲಿ ಬರೀ ಒಂದು ಕಟ್ಟಡ. ಸೈನಿಕರನ್ನು ಇಳಿಸಬೇಕು, ಸರಂಜಾಮು ಇಳಿಸಬೇಕು, ಅಷ್ಟು ಹೊತ್ತೂ ಅದು ಅಲುಗಾಡುವಂತಿಲ್ಲ.

30ರಂದು ಬಾಂಬರುಗಳು ಬಂದವು. ಒಂದು ಬಾಂಬು ಪಕ್ಕದ ವೇಕ್‌ಫೀಲ್ಡ್ ಹಡಗಿಗೆ ಬಿತ್ತು. ಡೆಕ್ ತೂರಿ ಆಸ್ಪತ್ರೆಯ ಕೋಣೆಗೇ ಹೋಗಿ ಸಿಡಿಯಿತು. ಐದು ಜನ ಸತ್ತರು. ವೆಸ್ಟ್ ಪಾಯಿಂಟ್‌ನ ಸುತ್ತಲೂ ಬಾಂಬು ಬಿದ್ದವು, ಚೂರುಗಳು ಡೆಕ್ ಮೇಲೆ ಸುರಿದವು. ನೇರವಾಗಿ ಒಂದೂ ತಾಗಲಿಲ್ಲ. ಇದನ್ನು ಅದೃಷ್ಟ ಅನ್ನದೆ ಬೇರೆ ಏನನ್ನಲಿ? ವೇಕ್‌ಫೀಲ್ಡ್‌ನ ಚಿಕಿತ್ಸೆಯ ಕೋಣೆಯೇ ಹಾಳಾದ್ದರಿಂದ ವೆಸ್ಟ್ ಪಾಯಿಂಟ್‌ನ ವೈದ್ಯಕೀಯ ಸಿಬ್ಬಂದಿ ಅಲ್ಲಿಗೆ ಹೋಗಿ ಗಾಯಾಳುಗಳನ್ನು ನೋಡಿಕೊಂಡರು.

ಅದೇ ದಿನ ಇನ್ನೊಂದು ಸಾಲು ಮೇಲಕ್ಕೆ ಹತ್ತಿತು. ನೌಕಾಪಡೆಯ ಅಧಿಕಾರಿಗಳು, ಅವರ ಮನೆಯವರು, ಬೇರೆ ನಾಗರಿಕರು ಮತ್ತು ವಾಯುಪಡೆಯ ನೂರು ಜನರ ತುಕಡಿ. ಲೆಕ್ಕ 1,276 ಎನ್ನುತ್ತದೆ. ನೆನಪಿದೆಯಾ, ಈ ಹಡಗನ್ನು ಕಟ್ಟಿದಾಗ ಅದರ ಪ್ರಯಾಣಿಕರ ಸಂಖ್ಯೆ 1,202. ಆ ಒಂದು ಸಲ, ಬಾಂಬಿನ ನಡುವೆ, ಹಡಗು ತಾನು ಹುಟ್ಟಿದ ಅಳತೆಗೇ ಹತ್ತಿರದಷ್ಟು ಜನರನ್ನು ಹೊತ್ತಿತ್ತು. ಹಿಂದಿನ ದಿನದವರೆಗೆ ಸೈನಿಕರು ಮಲಗಿದ್ದ ಕ್ಯಾನ್ವಾಸ್ ಹಾಸಿಗೆಗಳ ನಡುವೆ ಈಗ ಮಕ್ಕಳ ದನಿ.

ವೆಸ್ಟ್ ಪಾಯಿಂಟ್ ಮತ್ತು ಗಾಯಗೊಂಡ ವೇಕ್‌ಫೀಲ್ಡ್ ಆ ಬಂದರನ್ನು ಬಿಟ್ಟವು. ಜನವರಿ 31ರಂದು ಸಿಂಗಾಪುರವನ್ನು ಮಲಯಾದ ಜೋಹೋರಿಗೆ ಸೇರಿಸುವ ಸೇತುದಾರಿಯನ್ನು ಬ್ರಿಟಿಷರೇ ಸಿಡಿಸಿದರು. ಫೆಬ್ರವರಿ ಮೊದಲ ವಾರ ಹಡಗುಗಳು ಕೊಲಂಬೊ ತಲುಪಿದವು.

ಫೆಬ್ರವರಿ 15ರಂದು ಸಿಂಗಾಪುರ ಶರಣಾಯಿತು. 18ನೇ ಡಿವಿಷನ್ನಿನ ಹುಡುಗರು ವೆಸ್ಟ್ ಪಾಯಿಂಟ್‌ನಿಂದ ಇಳಿದು 17 ದಿನವಾಗಿತ್ತು. ಸುಮಾರು 80,000 ಜನ ಸೆರೆಯಾದರು, ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಭಾರತೀಯರು. ಮೈಸೂರು ಸಂಸ್ಥಾನದ ಪದಾತಿ ದಳವೂ ಆಗ ಸಿಂಗಾಪುರದಲ್ಲಿತ್ತು. ಅವರು ಈ ಹಡಗಿನಲ್ಲಿ ಬಂದವರಲ್ಲ, ಮುಂಚೆಯೇ ಬಂದು ವಿಮಾನ ನಿಲ್ದಾಣಗಳ ಕಾವಲಿಗಿದ್ದವರು. ಆದರೆ ಕೊನೆಗೆ ನಾರ್ಫೋಕಿನ ಹುಡುಗನೂ ಮೈಸೂರಿನ ಹುಡುಗನೂ ಒಂದೇ ದಿನ ಬಂದೂಕು ಕೆಳಗಿಟ್ಟರು.

ಡಿವಿಷನ್ನಿನ ಬಹಳಷ್ಟು ಜನರನ್ನು ಮುಂದೆ ಥಾಯ್ಲೆಂಡ್–ಬರ್ಮಾ ರೈಲುದಾರಿ ಕಟ್ಟಲು ಒಯ್ದರು. 415 ಕಿಲೊಮೀಟರ್ ಕಾಡಿನ ದಾರಿ. ಅದನ್ನು ಕಟ್ಟುವಾಗ 12,000ಕ್ಕೂ ಹೆಚ್ಚು ಮಿತ್ರಪಕ್ಷಗಳ ಸೆರೆಯಾಳುಗಳು ಸತ್ತರು. ಜತೆಗೆ ದುಡಿಸಿಕೊಂಡ ಏಷ್ಯಾದ ಕೂಲಿಗಳಲ್ಲಿ ಸತ್ತವರು ಅದಕ್ಕಿಂತ ಎಷ್ಟೋ ಪಟ್ಟು. ಮಲಯಾದ ರಬ್ಬರ್ ತೋಟಗಳಿಂದ ಹೋದ ತಮಿಳರು ಅವರಲ್ಲಿ ತುಂಬಾ ಜನ.

ಸೇನಾ ಸಾಗಣೆ ಹಡಗಿನ ದಾಖಲೆಯಲ್ಲಿ ಇದು ಯಾವುದೂ ಬರುವುದಿಲ್ಲ. ಅಲ್ಲಿ ಇರುವುದು ಇಷ್ಟೇ: ಸಿಂಗಾಪುರ ತಲುಪಿತು, ಸೈನಿಕರನ್ನು ಇಳಿಸಿತು, ನಿರಾಶ್ರಿತರನ್ನು ಹತ್ತಿಸಿಕೊಂಡಿತು, ಹೊರಟಿತು. ಎಲ್ಲವೂ ಸರಿಯಾಗಿ ನಡೆದ ಒಂದು ಸಫಲ ಪಯಣ.

ಒಂಟಿ ಓಟ

ಆಮೇಲೆ ಹಡಗು ಸೂಯೆಜ್‌ಗೆ ಹೋಯಿತು. ಮಧ್ಯಪ್ರಾಚ್ಯದಲ್ಲಿ ಕಾದಾಡುತ್ತಿದ್ದ ತನ್ನ ಸೈನಿಕರನ್ನು ಆಸ್ಟ್ರೇಲಿಯಾ ವಾಪಸ್ ಕರೆಸಿಕೊಳ್ಳುತ್ತಿತ್ತು, ಜಪಾನ್ ಮನೆ ಬಾಗಿಲಿಗೆ ಬಂದಿತ್ತಲ್ಲ. ಆ ಪಡೆಗಳನ್ನು ಬರ್ಮಾಕ್ಕೆ ತಿರುಗಿಸಬೇಕೆಂದು ಚರ್ಚಿಲ್ ಬಯಸಿದರು. ಆಸ್ಟ್ರೇಲಿಯಾದ ಪ್ರಧಾನಿ ಜಾನ್ ಕರ್ಟಿನ್ ಖಡಾಖಂಡಿತವಾಗಿ ಆಗಲ್ಲ ಎಂದರು. ಊರಿಗೆ ಹೋಗುತ್ತಿದ್ದ ಆ ಸೈನಿಕರಲ್ಲಿ ಸಾವಿರಾರು ಜನರನ್ನು ವೆಸ್ಟ್ ಪಾಯಿಂಟ್ ಹೊತ್ತೊಯ್ದಿತು. ಕೆಲವೇ ವಾರಗಳ ಹಿಂದೆ ಇದೇ ಥರದ ಆದೇಶ ಬದಲಾವಣೆಗೆ ಇಲ್ಲ ಎನ್ನುವವರು 18ನೇ ಡಿವಿಷನ್ನಿಗೆ ಇರಲಿಲ್ಲ.

1942ರ ನಂತರ ಈ ಹಡಗು ಹೆಚ್ಚಾಗಿ ಒಂಟಿಯಾಗಿ ಓಡಿತು. ಇದು ಕೇಳಲು ಹುಚ್ಚು ಅನ್ನಿಸಬಹುದು. ಏಳೆಂಟು ಸಾವಿರ ಜನ ಇರುವ ಹಡಗನ್ನು ಕಾವಲಿಲ್ಲದೆ ಬಿಡುವುದೇ? ಲೆಕ್ಕ ಹೀಗಿದೆ. ಜರ್ಮನಿಯ ಸಾಮಾನ್ಯ ಜಲಾಂತರ್ಗಾಮಿ ನೀರ ಮೇಲೆ ಓಡಿದರೆ ಗಂಟೆಗೆ ಸುಮಾರು 33 ಕಿಲೊಮೀಟರ್. ಮುಳುಗಿದಾಗ ಅದರ ಅರ್ಧವೂ ಇಲ್ಲ. ವೆಸ್ಟ್ ಪಾಯಿಂಟ್ 40ಕ್ಕೂ ಜಾಸ್ತಿ. ಬೆನ್ನಟ್ಟಿ ಹಿಡಿಯಲು ಸಾಧ್ಯವೇ ಇಲ್ಲ. ದಾರಿಯಲ್ಲೇ ಮುಂಚಿತವಾಗಿ ಕಾದು ಕೂತಿದ್ದರೆ ಮಾತ್ರ ಅಪಾಯ. ಅದಕ್ಕೇ ಹಡಗು ನೇರವಾಗಿ ಹೋಗುತ್ತಿರಲಿಲ್ಲ. ಕೆಲವು ನಿಮಿಷಕ್ಕೊಮ್ಮೆ ಎಡಕ್ಕೆ, ಮತ್ತೆ ಬಲಕ್ಕೆ ತಿರುಗುತ್ತ ಹಾವಿನ ಹಾಗೆ ಸಾಗುತ್ತಿತ್ತು. ನಿಧಾನದ ಸರಕು ಹಡಗುಗಳ ಗುಂಪಿನೊಳಗೆ ಕಟ್ಟಿಹಾಕಿದರೆ ವೇಗವೆಂಬ ರಕ್ಷಣೆಯೇ ಹೋಗುತ್ತದೆ. ಜತೆಗಾರರಿಲ್ಲದೆ ಬಂದು ಹೋಗುವ ಈ ಬೂದು ಹಡಗನ್ನು ‘ಬೂದು ಭೂತ’ ಎಂದು ಕರೆದರು. ಬ್ರಿಟಿಷರ ಕ್ವೀನ್ ಮೇರಿ ಹಡಗಿಗೂ ಅದೇ ಅಡ್ಡಹೆಸರು, ಅದೇ ಕಾರಣ.

ಅಟ್ಲಾಂಟಿಕ್, ಪೆಸಿಫಿಕ್, ಹಿಂದೂ ಮಹಾಸಾಗರ ಮೂರರಲ್ಲೂ ಇದರ ಓಡಾಟ. ಲಿವರ್‌ಪೂಲ್, ಕಾಸಾಬ್ಲಾಂಕಾ, ಓರಾನ್, ಸಿಡ್ನಿ, ನೌಮಿಯಾ, ಮತ್ತೆ ನಮ್ಮ ಬಾಂಬೆ. 1944ರ ಒಂದು ಪಯಣದಲ್ಲಿ ಸಿಬ್ಬಂದಿಯೂ ಸೇರಿ 9,305 ಜನ ಇದ್ದರು. ಅಮೆರಿಕ ನೌಕಾಪಡೆಯಲ್ಲಿ ಇದಕ್ಕಿಂತ ಜಾಸ್ತಿ ಜನ ಹಿಡಿಸುವ ಸಾಗಣೆ ಹಡಗು ಆಗ ಇರಲಿಲ್ಲ. ಒಂದೇ ಒಂದು ಟಾರ್ಪಿಡೊ ಸರಿಯಾಗಿ ಬಿದ್ದಿದ್ದರೆ ಒಂದು ಸಣ್ಣ ಪಟ್ಟಣವೇ ನೀರುಪಾಲು. ಆ ಭಯ ಪ್ರತಿ ರಾತ್ರಿ ಇರುತ್ತಿತ್ತು. ಜೊತೆಗಾರ ವೇಕ್‌ಫೀಲ್ಡ್‌ಗೆ 1942ರ ಸೆಪ್ಟೆಂಬರ್‌ನಲ್ಲಿ ನಡುಸಮುದ್ರದಲ್ಲಿ ಬೆಂಕಿಯೇ ಬಿತ್ತು. ಪುಣ್ಯಕ್ಕೆ ಬೇರೆ ಹಡಗುಗಳು ಹತ್ತಿರವಿದ್ದವು, ಜನರನ್ನು ಬದುಕಿಸಿಕೊಂಡರು.

ಹಡಗು ಹೊತ್ತದ್ದು ಸೈನಿಕರನ್ನಷ್ಟೇ ಅಲ್ಲ. ರೆಡ್‌ಕ್ರಾಸ್‌ನವರು, ಯುದ್ಧಕೈದಿಗಳು, ಮಕ್ಕಳು, ಸೈನಿಕರನ್ನು ನಗಿಸಲು ಹೊರಟ ಕಲಾವಿದರು ಎಲ್ಲರೂ ಇದ್ದರು. ಯುರೋಪಿನಲ್ಲಿ ಯುದ್ಧ ಮುಗಿದ ಮೇಲೆ ಹಡಗಿನ ದಿಕ್ಕು ಬದಲಾಯಿತು. ಮೊದಲು ಹೋಗುವಾಗ ತುಂಬಿರುತ್ತಿತ್ತು, ಈಗ ಬರುವಾಗ. ಅದೇ ಕ್ಯಾನ್ವಾಸ್ ಹಾಸಿಗೆ, ಅದೇ ಉಪ್ಪುನೀರಿನ ಸ್ನಾನ. ಆದರೆ ಈಗ ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದು ಹಡಗಿನಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು.

1946ರ ಫೆಬ್ರವರಿ 28ಕ್ಕೆ ನೌಕಾಪಡೆಯ ಸೇವೆ ಮುಗಿಯಿತು. ಒಟ್ಟು ಹೊತ್ತ ಸೈನಿಕರು ಮೂರೂವರೆ ಲಕ್ಷಕ್ಕೂ ಹೆಚ್ಚು. ನಾಲ್ಕು ವರ್ಷ ಎಂಟು ತಿಂಗಳಲ್ಲಿ ಅದು ಶತ್ರುವಿನ ಒಂದು ಹಡಗನ್ನೂ ಮುಳುಗಿಸಲಿಲ್ಲ, ತಾನೂ ಮುಳುಗಲಿಲ್ಲ.

ಆಮೇಲೆ

ಬೂದು ಬಣ್ಣ ಕಿತ್ತರು, ಹಳೆಯ ಹೆಸರು ವಾಪಸ್ ಬಂತು. 1946ರ ನವೆಂಬರ್‌ನಲ್ಲಿ ‘ಅಮೆರಿಕಾ’ ಕೊನೆಗೂ ತಾನು ಹುಟ್ಟಿದ ಕೆಲಸಕ್ಕೆ, ಅಟ್ಲಾಂಟಿಕ್ ದಾಟಿ ಪ್ರಯಾಣಿಕರನ್ನು ಒಯ್ಯುವುದಕ್ಕೆ ಹೊರಟಿತು. 1964ರಲ್ಲಿ ಗ್ರೀಸಿನ ಚಾಂಡ್ರಿಸ್ ಕಂಪನಿ ಕೊಂಡು ‘ಆಸ್ಟ್ರಾಲಿಸ್’ ಎಂದು ಹೆಸರಿಟ್ಟಿತು. 1977ರವರೆಗೆ ಯುರೋಪಿನಿಂದ ಆಸ್ಟ್ರೇಲಿಯಾಕ್ಕೆ ಹೊಸ ಬದುಕು ಹುಡುಕಿ ಹೊರಟ ಕುಟುಂಬಗಳು ಇದರಲ್ಲಿ ಹೋದವು. ಒಂದು ಸಲಕ್ಕೆ ಎರಡು ಸಾವಿರಕ್ಕೂ ಜಾಸ್ತಿ ಜನ. ಆಸ್ಟ್ರೇಲಿಯಾದಲ್ಲಿ ಇವತ್ತಿಗೂ ‘ನಮ್ಮಪ್ಪ ಅಮ್ಮ ಆಸ್ಟ್ರಾಲಿಸ್‌ನಲ್ಲಿ ಬಂದವರು’ ಎನ್ನುವ ಮನೆಗಳಿವೆ. ಅದೇ ದೇಶಕ್ಕೆ 1942ರಲ್ಲಿ ಸೈನಿಕರನ್ನು ಮರಳಿ ತಂದದ್ದು ಇದೇ ಹಡಗು ಎಂಬುದು ಅವರಲ್ಲಿ ಎಷ್ಟು ಜನರಿಗೆ ಗೊತ್ತೋ.

ಅದರಾಚೆಗಿನ ವರ್ಷಗಳು ಹೇಳುವಂಥವಲ್ಲ. ಕೈ ಬದಲಾಯಿತು, ಹೆಸರು ಬದಲಾಯಿತು, ಮುಂದಿನ ಚಿಮಣಿ ಕಿತ್ತು ಹಾಕಿದರು. ಹದಿನಾಲ್ಕು ವರ್ಷ ಗ್ರೀಸಿನ ತೀರದಲ್ಲಿ ತುಕ್ಕು ಹಿಡಿಯುತ್ತ ನಿಂತಿತ್ತು. ಕೊನೆಗೆ ಥಾಯ್ಲೆಂಡಿನ ಫುಕೆಟ್‌ನಲ್ಲಿ ತೇಲುವ ಐಷಾರಾಮಿ ಹೋಟೆಲು ಮಾಡುತ್ತೇವೆ ಎಂದು ಕೊಂಡವರು ‘ಅಮೆರಿಕನ್ ಸ್ಟಾರ್’ ಎಂಬ ಹೆಸರು ಕೊಟ್ಟರು. 1993ರ ಡಿಸೆಂಬರ್ ಕೊನೆಯಲ್ಲಿ ಉಕ್ರೇನಿನ ಒಂದು ಎಳೆಯುವ ದೋಣಿ ಅದನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೊರಟಿತು. ಅಟ್ಲಾಂಟಿಕ್‌ನಲ್ಲಿ ಬಿರುಗಾಳಿ. ಹಗ್ಗ ಹರಿಯಿತು. ಹಡಗಿನ ಮೇಲಿದ್ದ ನಾಲ್ವರನ್ನು ಹೆಲಿಕಾಪ್ಟರ್ ಎತ್ತಿಕೊಂಡಿತು. 1994ರ ಜನವರಿ 18ರ ಬೆಳಿಗ್ಗೆ, ಯಾರೂ ಇಲ್ಲದ ಹಡಗು ಕೆನರಿ ದ್ವೀಪಗಳ ಫ್ಯುಯೆರ್ಟೆವೆಂಚುರಾದ ಗಾರ್ಸೆ ಕಡಲತೀರಕ್ಕೆ ಬಂದು ಸಿಕ್ಕಿಕೊಂಡಿತು. ಎರಡು ದಿನದಲ್ಲಿ ಎರಡು ತುಂಡಾಯಿತು.

ದ್ವೀಪದ ಜನ ಒಳಗೆ ಈಜಿ ಹೋಗಿ ಬಾಗಿಲು, ಕುರ್ಚಿ, ಹಲಗೆ ಏನೇನು ಸಿಕ್ಕಿತೋ ಬಿಚ್ಚಿಕೊಂಡು ಬಂದರು. ಹಿಂದಿನ ಅರ್ಧ 1996ರಲ್ಲಿ ಕುಸಿದು ನೀರಿಗಿಳಿಯಿತು. ಮುಂದಿನ ಅರ್ಧ ಇನ್ನೂ ಹತ್ತು ವರ್ಷ ಅಲೆಗಳಿಗೆ ಎದೆಯೊಡ್ಡಿ ನಿಂತಿತ್ತು. 2007ರಲ್ಲಿ ಅದೂ ಮಗುಚಿತು. ಈಗ ಆ ತೀರಕ್ಕೆ ಹೋದರೆ ಅಲೆಗಳಷ್ಟೇ ಕಾಣುತ್ತವೆ. ನೀರು ಇಳಿದ ಹೊತ್ತಿನಲ್ಲಿ ಕಲ್ಲುಗಳ ನಡುವೆ ಒಂದೆರಡು ತುಕ್ಕಿನ ತುಂಡು ಮೇಲೆ ಬರುತ್ತವೆ.